ನರ್ಬೂಲ್ ಶಾಲೆಯ ಹೂದಾರಿ

ಲಾರೇನ್ ಕೇಕಿನ ಎರಡು ಪದರಗಳ ನಡುವೆ ಕೆನೆ ಸವರುತ್ತಿದ್ದಳು. ಕಿಟಕಿಯ ಪಕ್ಕ ಕೂತಿದ್ದ ತಾಯಿ ಎಲ್ವಿ, ನಾಳೆ ತಾನು ಬರುವುದಿಲ್ಲ ಎಂದುಬಿಟ್ಟಳು.

"ಫಲಕದ ಮೇಲಿನ ಆ ಬಟ್ಟೆ ಎಳೆಯೋಕೆ ನಾನೇ ಯಾಕೆ? ಕ್ಲೆಮ್‌ಗೂ ಎರಡು ಕೈ ಇದೆಯಲ್ಲ."

"ಅಮ್ಮಾ, ನರ್ಬೂಲ್ ಶಾಲೇಲಿ ಓದಿದೋರಲ್ಲಿ ಉಳಿದಿರೋದು ನೀನೊಬ್ಬಳೇ."

"ಅದಕ್ಕೇ ಹೇಳ್ತಿರೋದು. ನಾನು ಅಕ್ಷರ ಕಲಿತ ಜಾಗ ಅದಲ್ಲ."

ಊರಿನ ಇತಿಹಾಸ ಸಂಘದವರು ಮುಚ್ಚಿಹೋದ ಶಾಲೆಗಳಿದ್ದ ಕಡೆಯೆಲ್ಲ ಒಂದೊಂದು ಫಲಕ ನೆಡುತ್ತಿದ್ದರು. ಆ ಗೋಧಿ ಸೀಮೆಯಲ್ಲಿ ಮಕ್ಕಳು ಕಡಿಮೆಯಾದರೆ ಶಾಲೆಯ ಮರದ ಕಟ್ಟಡವನ್ನೇ ಲಾರಿಗೇರಿಸಿ ಬೇರೆ ಕಡೆ ಸಾಗಿಸುವುದು ವಾಡಿಕೆಯಾಗಿತ್ತು. ನರ್ಬೂಲ್ ಶಾಲೆ ಹಾಗೆ ಹೋಗಿ, ಕುರಿಗಳ ಉಣ್ಣೆ ಕತ್ತರಿಸುವವರ ಬಿಡಾರವಾಗಿ, ಕೊನೆಗೆ ಗೆದ್ದಲಿನ ಪಾಲಾಯಿತು. ಹಿಂದೆ ಒಂದು ಇಟ್ಟಿಗೆಯೂ ಉಳಿಯಲಿಲ್ಲ. ಸಂಘದ ಅಧ್ಯಕ್ಷ ಕ್ಲೆಮ್, ರೈತ ಡಾರ್ಸಿಯ ಹೊಲದ ಮೂಲೆಯಲ್ಲಿ ಹಳೆಯ ಪೆಪ್ಪರ್ ಮರವೊಂದನ್ನು ನೋಡಿ ಅದರ ಬುಡದಲ್ಲೇ ಕಾಂಕ್ರೀಟ್ ಸುರಿಸಿದ್ದ. ನೆರಳಿಗೆಂದು ಪ್ರತಿ ಶಾಲೆಯ ಅಂಗಳದಲ್ಲೂ ಪೆಪ್ಪರ್ ಮರ ನೆಡುತ್ತಿದ್ದರು. ಮರ ಇದ್ದಲ್ಲಿ ಶಾಲೆ ಇತ್ತು ಎಂಬುದರಲ್ಲಿ ಅಲ್ಲಿ ಯಾರಿಗೂ ಸಂಶಯವಿರಲಿಲ್ಲ.

"ಆ ಮರ ಡಾರ್ಸಿಯ ತಾತ ಕುದುರೆ ಕಟ್ಟೋಕೆ ನೆಟ್ಟಿದ್ದು," ಎಂದಳು ಎಲ್ವಿ. "ನಮ್ಮ ಶಾಲೆ ಮರ ಸಿಡಿಲಿಗೆ ಹೋಯ್ತು. ಹೇಳಿದ್ರೆ, 'ಆಂಟಿ, ನಿಮಗೆ ವಯಸ್ಸಾಯ್ತು' ಅಂತಾನೆ ಕ್ಲೆಮ್."

ಲಾರೇನಳ ಕೈ ನಿಂತಿತು. ಈಚೆಗೆ ತಾಯಿ ಮೊಮ್ಮಕ್ಕಳ ಹೆಸರು ತಡವರಿಸುತ್ತಿದ್ದಳು. ಚರ್ಚಿನ ಬಾಗಿಲಲ್ಲಿ ಜನ ಪಿಸುಗುಡುವುದನ್ನು ಇಬ್ಬರೂ ಕೇಳಿಸಿಕೊಂಡಿದ್ದರು. ನಾಳೆ ತಪ್ಪು ಜಾಗದಲ್ಲಿ ನಿಂತು ಬಟ್ಟೆ ಎಳೆದರೆ, ತನ್ನ ತಲೆ ಕೆಟ್ಟಿದೆಯೆಂದು ತಾಯಿ ತಾನೇ ಒಪ್ಪಿಕೊಂಡಂತೆ. ಎಳೆಯದಿದ್ದರೂ ಜನ ಅದನ್ನೇ ಹೇಳುತ್ತಾರೆ.

ಅವಳು ಕೇಕನ್ನು ಫ್ರಿಜ್‌ನಲ್ಲಿಟ್ಟು ಕೈ ಒರೆಸಿಕೊಂಡಳು. "ಕೋಟು ಹಾಕ್ಕೋ. ಹೋಗಿ ನೋಡ್ಕೊಂಡು ಬರೋಣ."

ದಾರಿಯಲ್ಲಿ ಅವಳು ಶಾಲೆ ಎಲ್ಲಿತ್ತೆಂದು ಕೇಳಲಿಲ್ಲ. ಬೆಳಿಗ್ಗೆ ಹೋದ ಕೂಡಲೇ ಏನು ಮಾಡುತ್ತಿದ್ದಿರಿ ಎಂದು ಕೇಳಿದಳು.

"ಕೈ ತೊಳೀತಿದ್ವಿ. ತೊಟ್ಟೀಲಿ ಇರೋದೇ ಸ್ವಲ್ಪ ಮಳೆನೀರು, ಚೆಲ್ಲೋ ಹಾಗಿರಲಿಲ್ಲ. ತೊಳೆದ ನೀರನ್ನ ಅವರವರ ಗಿಡಕ್ಕೇ ಹಾಕ್ಬೇಕಿತ್ತು."

"ಯಾವ ಗಿಡ?"

"ಜಾಂಕ್ವಿಲ್ ಹೂವಿನ ಗಿಡ. ಶಾಲೆಗೆ ಸೇರೋ ಮಗು ಮನೆಯಿಂದ ಒಂದು ಗೆಡ್ಡೆ ತರ್ಬೇಕಿತ್ತು. ಗೇಟಿಂದ ಮೆಟ್ಟಿಲ ತನಕ, ದಾರಿಯ ಎರಡೂ ಕಡೆ ನೆಡಿಸ್ತಿದ್ರು ನಮ್ಮ ಮಿಸ್. ನಾನು ಎಲ್ಲರಿಗಿಂತ ಚಿಕ್ಕೋಳು. ನನ್ನದು ಮೆಟ್ಟಿಲ ಪಕ್ಕ."

ಲಾರೇನ್ ಗಾಡಿಯ ವೇಗ ಹೆಚ್ಚಿಸಿದಳು. ಈಗ ಚಳಿಗಾಲದ ಕೊನೆ, ಜಾಂಕ್ವಿಲ್ ಅರಳುವ ಕಾಲ.

ಡಾರ್ಸಿ ಬೇಲಿಯ ಬಳಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಚಹಾ ಕುಡಿಯುತ್ತಿದ್ದ.

"ಏನ್ ಎಲ್ವಿ ಆಂಟಿ, ನಾಳೆ ಭಾಷಣಕ್ಕೆ ಇವತ್ತೇ ಬಂದ್ರಾ?"

"ನಿನ್ನ ಗೋಧಿ ಎಷ್ಟು ಬಡಕಲಾಗಿದೆ ಅಂತ ನೋಡೋಕೆ ಬಂದೆ ಕಣೋ."

ಲಾರೇನ್ ಕೇಳಿದಳು: "ಡಾರ್ಸಿ, ಈ ಹೊಲದಲ್ಲಿ ನೀನು ಬಿತ್ತದೇ ಬಿಡೋ ಜಾಗ ಏನಾದ್ರೂ ಇದೆಯಾ?"

ಅವನು ಟೋಪಿ ಸರಿಸಿ ತಲೆ ಕೆರೆದುಕೊಂಡ. "ಆ ದಿಣ್ಣೆ ಆಚೆ ಒಂದು ಕಡೆ ಕೂರಿಗೆ ಎತ್ತಿಬಿಡ್ತೀನಿ. ಅಪ್ಪ ಎತ್ತುತಿದ್ದ, ತಾತಾನೂ ಎತ್ತುತಿದ್ನಂತೆ. ಕಲ್ಲಿರಬೇಕು."

"ಯಾಕೆ ಅಂತ ಕೇಳಲಿಲ್ವಾ?"

"ನಮ್ಮಪ್ಪನ್ನ ಯಾಕೆ ಅಂತ ಕೇಳಿ ಬದುಕಿದೋರು ಯಾರಿದಾರೆ?"

ಮೂವರೂ ದಿಣ್ಣೆ ಹತ್ತಿದರು. ಎಲ್ವಿಗೆ ಉಸಿರು ಸಾಲದೆ ಲಾರೇನ್ ಅವಳ ಸೊಂಟ ಹಿಡಿದುಕೊಂಡಿದ್ದಳು. ಆಚೆ ಬದಿ ಕಂಡದ್ದೇ ಮೂವರೂ ನಿಂತರು. ಹಸಿರು ಗೋಧಿಯ ನಡುವೆ ಬರಿದಾಗಿ ಬಿಟ್ಟಿದ್ದ ತುಣುಕಿನಲ್ಲಿ ಬಿಳಿ ಹೂಗಳು ಎದುರುಬದುರು ಎರಡು ಸಾಲಾಗಿ ನಿಂತಿದ್ದವು, ನಡುವೆ ಮಕ್ಕಳು ನಡೆಯುವಷ್ಟು ದಾರಿ ಬಿಟ್ಟು. ಪ್ರತಿ ಹೂವಿನ ಎದೆಯಲ್ಲೂ ಹಳದಿ ಬಟ್ಟಲು. ಗಾಳಿ ಬೀಸಿದಾಗ ಘಮ ದಿಣ್ಣೆಯ ಮೇಲಕ್ಕೇ ಬಂತು.

"ನಾನು ಕಾಡು ಈರುಳ್ಳಿ ಅಂದ್ಕೊಂಡಿದ್ದೆ," ಎಂದ ಡಾರ್ಸಿ ಮೆಲ್ಲಗೆ.

"ಹೂವೂ ಕಾಣ್ಲಿಲ್ವೇನೋ?"

"ಹೂ ಬಿಡೋ ಹೊತ್ತಿಗೆ ಫುಟ್‌ಬಾಲ್ ಫೈನಲ್ಸ್ ಹತ್ರ ಬಂದಿರುತ್ತೆ ಆಂಟಿ."

ಎಲ್ವಿ ಮಗಳ ಕೈ ಬಿಡಿಸಿಕೊಂಡು ಇಳಿಯತೊಡಗಿದಳು. ಸಾಲಿನ ಕೊನೆಯಲ್ಲಿ ಬಾಗಿ, ಒಂದು ಹೂವಿನ ಗಲ್ಲ ಹಿಡಿದು ಎತ್ತಿ ನೋಡಿದಳು. ಲಾರೇನಳ ಕಣ್ಣು ಮಂಜಾಯಿತು.

ಲಾರೇನ್ ಫೋನು ಮಾಡಿದ್ದಕ್ಕೆ ಕ್ಲೆಮ್ ಧಾವಿಸಿ ಬಂದ. ಆ ತುದಿಯಿಂದ ಈ ತುದಿಗೆ ನಡೆದು, ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡ. ಕ್ಷಮೆ ಕೇಳುವುದು ಅವನ ಮನೆತನದಲ್ಲಿ ಇರಲಿಲ್ಲ. "ಡಾರ್ಸಿ, ನಿನ್ನ ಟ್ರ್ಯಾಕ್ಟರ್ ಆ ಕಾಂಕ್ರೀಟ್ ಗಡ್ಡೆ ಎತ್ತುತ್ತಾ?" ಎಂದು ಮಾತ್ರ ಕೇಳಿದ.

ಎತ್ತಿತು. ಮರುದಿನ ಭಾನುವಾರ ಮಧ್ಯಾಹ್ನ ಫಲಕ ಹೂದಾರಿಯ ತಲೆಯಲ್ಲಿ ನಿಂತಿತ್ತು, ಸ್ವಲ್ಪ ವಾಲಿಕೊಂಡು. ಊರಿಗೆ ಊರೇ ದಿಣ್ಣೆ ದಾಟಿ ಬಂದಿತ್ತು. ಹೆಂಗಸರು ತಂದ ತಿಂಡಿಯ ತಟ್ಟೆಗಳು ಗಾಡಿಗಳ ಹಿಂದೆ ಸಾಲುಗಟ್ಟಿದ್ದವು. ಎಲ್ವಿ ಬಟ್ಟೆ ಎಳೆದಳು. ಭಾಷಣವಿರಬೇಕೆಂದು ಎಲ್ಲರೂ ಹತ್ತಿರ ಸರಿದರು.

ಅವಳು ಗೇಟಿದ್ದ ಕಡೆಗೆ ನಡೆದುಹೋಗಿ ಮೊದಲ ಹೂವಿನ ಮುಂದೆ ನಿಂತಳು.

"ವಿಲ್ಮಾ ಯೆಂಚ್," ಎಂದು ಕೂಗಿದಳು.

ಜನ ಮುಖ ಮುಖ ನೋಡಿಕೊಂಡರು. ಎಲ್ವಿ ಕಾದಳು. ಕೊನೆಗೆ ಹಿಂದಿನಿಂದ ಒಬ್ಬ ಹುಡುಗಿ ಅಳುಕುತ್ತ, "ನನ್ನ ಅಜ್ಜಿ... ಹಾಜರ್," ಎಂದಳು.

"ಹರ್ಬಿ ಟೋನ್ಕಿನ್."

"ಹಾಜರ್, ಆಂಟಿ."

ಒಂದೊಂದೇ ಹೂವು, ಒಂದೊಂದೇ ಹೆಸರು. ಎಲ್ಲೂ ತಡವರಿಸಲಿಲ್ಲ. ಯಾರೂ ಉಳಿದಿರದ ಮನೆತನದ ಹೆಸರು ಬಂದಾಗ ಲಾರೇನ್ ತಾನೇ ಹಾಜರ್ ಎಂದಳು. ಆಮೇಲೆ ಅಂಥ ಹೆಸರುಗಳಿಗೆಲ್ಲ ಇಡೀ ಊರೇ ಓಗೊಟ್ಟಿತು. ಗೋಧಿಯಲ್ಲಿ ಕೂತಿದ್ದ ಗಲಾ ಹಕ್ಕಿಗಳು ಗುಂಪಾಗಿ ಎದ್ದುಹೋದವು.

"ರೆಜ್ ಹಾಲಿಡೇ."

ಅದು ಕ್ಲೆಮ್‌ನ ಅಪ್ಪ. "ಹಾಜರ್," ಎಂದ ಕ್ಲೆಮ್.

"ನಿಮ್ಮಪ್ಪ ಗೆಡ್ಡೆ ತಲೆಕೆಳಗಾಗಿ ನೆಟ್ಟಿದ್ದ ಕಣೋ. ಹಟ ಬಿಡದೆ ಬಂದಿದೆ ನೋಡು."

ನಗು ಹೊಲದ ಉದ್ದಕ್ಕೂ ಹರಿಯಿತು. ಅದು ತಗ್ಗುವ ಮೊದಲೇ ಎಲ್ವಿ ಕೊನೆಯ ಹೂವಿನ ಬಳಿ ಬಂದಿದ್ದಳು. ಮೆಟ್ಟಿಲಿದ್ದ ಜಾಗದಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತು ತನ್ನ ಹೆಸರನ್ನು ಕೂಗಿ, ಎಲ್ಲರಿಗೂ ಕೇಳಿಸುವಂತೆ ತಾನೇ ಉತ್ತರ ಕೊಟ್ಟಳು.

"ಹಾಜರ್, ಮಿಸ್."