ಪೊರಕೆ ಹಿಡಿದು ಒಂಬತ್ತನೆಯ ಜೋಡಣೆಗೆ

ಬುಸ್ ಅನ್ನುತ್ತಿದೆ, ಇಲ್ಲ, ಅದು ನನ್ನದೇ ಉಸಿರು, ಉಸಿರು ಬಿಗಿಹಿಡಿದರೂ ಬುಸ್ ಅನ್ನುತ್ತಿದೆಯಲ್ಲ, ಪೊರಕೆಯನ್ನು ಮುಂದಕ್ಕೆ ಚಾಚು, ತೋಳು ಪೂರ್ತಿ ಚಾಚು, ಎಡಕ್ಕೆ, ಬಲಕ್ಕೆ, ಮೊಣಕಾಲ ಮಟ್ಟಕ್ಕೆ, ಆಮೇಲೆ ಒಂದು ಹೆಜ್ಜೆ — ಕೆಲಸಕ್ಕೆ ಸೇರಿದ ದಿನ ಹಿರಿಯ ಫಿಟ್ಟರ್ ಕೈಗೆ ಪೊರಕೆ ಕೊಟ್ಟಾಗ ಮುಖ ಊದಿಸಿಕೊಂಡಿದ್ದೆ, ಡಿಪ್ಲೊಮಾ ಮಾಡಿದ್ದು ಕಸ ಗುಡಿಸೋಕಾ ಅಂತ, ಗುಡಿಸೋಕಲ್ಲ ತಾಯಿ ಅಂದರು, ಹೈಡ್ರೋಜನ್ ಉರಿ ಹಗಲು ಹೊತ್ತು ಕಣ್ಣಿಗೆ ಬೀಳಲ್ಲ, ಹತ್ರ ಹೋದ್ರೂ ಕಾವು ಗೊತ್ತಾಗಲ್ಲ, ಇದನ್ನ ಮುಂದೆ ಹಿಡ್ಕೊಂಡು ನಡಿ, ಕಡ್ಡಿ ಹತ್ಕೊಂಡ್ರೆ ಅಲ್ಲೇ ನಿಂತ್ಕೋ, ಇಲ್ಲಾಂದ್ರೆ ನೀನು ಹತ್ಕೋತೀಯ. ಕಡ್ಡಿಗಳ ತುದಿ ನೋಡು, ತುದಿ ಬಿಟ್ಟು ಬೇರೇನೂ ನೋಡಬೇಡ, ಕವಾಟ ಮುಚ್ಚಿಯೇ ಬಂದಿದ್ದೇನೆ, ಸೈರನ್ನೂ ಒತ್ತಿದ್ದೇನೆ, ಆದರೆ ಕೊಳವೆಯಲ್ಲಿ ಉಳಿದ ಅನಿಲ ಬರಿದಾಗಲು ನಾಲ್ಕು ನಿಮಿಷ ಬೇಕು, ಅಷ್ಟರಲ್ಲಿ ಅವನು ಎದ್ದು ಬಂದುಬಿಟ್ಟರೆ, ಅಲ್ಲಿ, ಕೊಳವೆ ಸಾಲಿನ ಆಚೆ ತುದಿಯಲ್ಲಿ ಪಂಪ್ ಬಿಚ್ಚಿಕೊಂಡು ಕೂತಿದ್ದಾನೆ ನನ್ನ ತಮ್ಮ, ಗದ್ದಲ ತಡೆಯಲು ಎರಡೂ ಕಿವಿಗೆ ಮುಚ್ಚಳ ಹಾಕಿಕೊಂಡು, ಅವನಿಗೆ ಸೈರನ್ ಎಲ್ಲಿ ಕೇಳಬೇಕು. ಹೊರಗೆ ಬರಲು ಇರುವುದು ಇದೊಂದೇ ದಾರಿ.

ಇವನನ್ನು ಇಲ್ಲಿಗೆ ಸೇರಿಸಿದವಳೂ ನಾನೇ, ಗೋಡೆಯಾಚೆ ತೊಟ್ಟಿಗಳಲ್ಲಿ ಜೋಳದ ದಂಟು, ತರಕಾರಿ ಸಿಪ್ಪೆ, ಗಾಳಿ ಬೆಳಕು ಸೋಕದಂತೆ ಮುಚ್ಚಿಟ್ಟ ರಾಶಿ, ಸೂಕ್ಷ್ಮಜೀವಿಗಳು ತಿಂದು ತಿಂದು ಬಸ್ಸುಗಳಿಗೆ ತುಂಬುವ ಈ ಹೈಡ್ರೋಜನ್ ಬಿಡುತ್ತವೆ, ಕೂದಲಿಗೆಲ್ಲ ಹುಳಿ ವಾಸನೆ, ಅಕ್ಕತಮ್ಮ ಇಬ್ರೂ ಮೊದಲು ಸ್ನಾನ ಮಾಡಿ, ಆಮೇಲೆ ನನ್ನ ಅಡುಗೆಮನೆಗೆ ಕಾಲಿಡಿ ಅನ್ನುತ್ತಾಳೆ ಅಮ್ಮ, ಇವನು ಬೇಕಂತಲೇ ಅವಳ ಮೂಗಿನ ಹತ್ತಿರ ತಲೆ ಹಿಡಿದು, ಸಿಪ್ಪೆಯಿಂದ ಬಸ್ ಓಡಿಸೋ ಮಗ ಕಣಮ್ಮ, ವಾಸನೆ ನೋಡು — ಅಮ್ಮನಿಗೆ ಏನಂತ ಹೇಳಲಿ, ಥೂ, ಕೆಟ್ಟದ್ದನ್ನೇ ಯಾಕೆ ಯೋಚಿಸುತ್ತೀಯೆ, ತುದಿ ನೋಡು, ಎಡಕ್ಕೆ, ಬಲಕ್ಕೆ, ನಿನ್ನೆ ಕೊಳವೆಯ ಒಂದೊಂದೇ ಜೋಡಣೆಗೆ ಸಾಬೂನಿನ ನೊರೆ ಹಚ್ಚಿ ಗುಳ್ಳೆ ಏಳುತ್ತದಾ ಅಂತ ನೋಡಿದವಳು ಎಂಟಕ್ಕೆ ನಿಲ್ಲಿಸಿದೆ, ಬಟ್ಟಲಲ್ಲಿ ನೊರೆ ಮುಗಿದಿತ್ತು, ಮತ್ತೆ ಕಲಸಲು ಸೋಮಾರಿತನ, ನೀನು ಬಿಗಿದದ್ದು ಎಲ್ಲಿ ಸೋರುತ್ತೆ ಬಾರಕ್ಕ, ಹೊಟ್ಟೆ ತಾಳ ಹಾಕ್ತಿದೆ ಅಂದ ಇವನು, ಒಂಬತ್ತನೆಯದಕ್ಕೂ ಸರಿ ಅಂತ ಗುರುತು ಹಾಕಿ ಊಟಕ್ಕೆ ನಡೆದೆ. ನಾನೇ ಬಿಗಿದದ್ದು, ನಾನೇ ನೋಡದೆ ಬಿಟ್ಟದ್ದು.

ಆರು, ಏಳು, ಎಂಟನೆಯದು ದಾಟಿದೆ, ತುದಿಗೆ ಏನೂ ಆಗಿಲ್ಲ, ಬಿಸಿಲು ಕಿಟಕಿಯಿಂದ ನೇರ ಬೀಳುತ್ತಿದೆ, ಗಾಳಿ ಎಷ್ಟು ತಿಳಿಯಾಗಿದೆ, ಅಯ್ಯೋ, ಎದ್ದ, ಕೈ ಒರೆಸಿಕೊಳ್ಳುತ್ತಿದ್ದಾನೆ, ನನ್ನನ್ನು ನೋಡಿದ, ಪೊರಕೆ ನೋಡಿ ನಗುತ್ತಿದ್ದಾನೆ, ಬೆಂಕಿ ಅಭ್ಯಾಸದ ದಿನ ಅಂದುಕೊಂಡನೋ ಏನೋ, ಕತ್ತೆ, ಬರಬೇಡ, ನಿಂತ್ಕೋ, ಕೂಗಿದರೂ ಅವನಿಗೆ ಕೇಳದು, ಕೈ ಎತ್ತಿ ತಡೆದೆ, ಅವನೂ ಕೈ ಎತ್ತಿ ಬೀಸಿದ, ಒಂದು ಹೆಜ್ಜೆ, ಇನ್ನೊಂದು, ನನಗೂ ಅವನಿಗೂ ನಡುವೆ ಬರೀ ಗಾಳಿ, ಪೊರಕೆ ಚಾಚಿದೆ, ಅದರ ತುದಿ, ತುದಿಯ ಕಡ್ಡಿಗಳು ಕೆಂಪಗಾಗುತ್ತಿವೆ, ಒಂದೊಂದೇ ಮೋಟಾಗುತ್ತಿವೆ, ತುದಿ, ತಮ್ಮ ನಗುತ್ತಾ ಬರುತ್ತಿದ್ದಾನೆ, ತುದಿ —