ಹತ್ತು ಸೆಕೆಂಡಿನ ಕತ್ತಲೆ

ಬೆಳಿಗ್ಗೆ ಏಳು ಗಂಟೆಗೆ ಅಮ್ಮ ಬಕೆಟ್ಟಿನ ಮುಂದೆ ಕುಕ್ಕರಗಾಲಲ್ಲಿ ಕೂತು ಮಗಳ ಬಿಳಿ ನಿಲುವಂಗಿ ತಿಕ್ಕುತ್ತಿದ್ದಳು. ಒಪೆರಾದ ಮಕ್ಕಳು ತಮ್ಮ ವೇಷದ ಬಟ್ಟೆಯನ್ನು ಮನೆಯಲ್ಲೇ ಒಗೆದು ತರಬೇಕೆಂದು ನಿಯಮ. ಮಗಳಿಗೆ ಒಂಬತ್ತು ವರ್ಷ. ಇಡೀ ದಿನ ಚಿಲಿಪಿಲಿ ಎನ್ನುವುದರಿಂದ ಮನೆಯಲ್ಲಿ ಗುಬ್ಬಿ. ಅದೇ ಒಪೆರಾಕ್ಕೆ ಬೆಳಕಿನ ವಿನ್ಯಾಸ ಅಮ್ಮನದು.

ಬೆನ್ನಿನ ಭಾಗದಲ್ಲಿ ಅಂಗೈಯಗಲದ ಕಂದು ಕಲೆ. ನೀರು ಬಿದ್ದಂತೆಲ್ಲ ಲೋಳೆಯಾಗಿ ಬೆರಳಿಗೆ ಅಂಟುತ್ತಿತ್ತು. ಮೂಗಿನ ಹತ್ತಿರ ಹಿಡಿದರೆ ಕೆಮ್ಮಿನ ಗುಳಿಗೆಯ ವಾಸನೆ, ಅದರಡಿಯಲ್ಲಿ ಇನ್ನೇನೋ ಹುಳಿ.

“ಏನೇ ಇದು? ಗುಳಿಗೆ ಚೀಪಿ ಬಟ್ಟೆಗೆ ಒರೆಸ್ಕೊಂಡ್ಯಾ?”

“ಬೆನ್ನಿಗೆ ಹೇಗಮ್ಮಾ ಒರೆಸ್ಕೊಳ್ಲಿ, ನಂಗೇನು ಹಿಂದೆ ಕೈಯಿದ್ಯಾ?”

“ಮತ್ತೆ?”

ಗುಬ್ಬಿ ಬಾಯಿ ತೆರೆದಳು, ಮುಚ್ಚಿದಳು. “ಸ್ಟೇಜ್ ಮೇಲೆ ನಾವು ಮಲಗೋ ಜಾಗ ಒದ್ದೆ ಇರುತ್ತೆ. ಯಾಕೆ ಅಂತ ಕೇಳಬಾರ್ದು. ಆ ಉದ್ದ ಜಡೆಯೋಳು ಕೇಳಿದ್ಲು, ಮಾರನೇ ದಿನ ಅವಳನ್ನ ತೆಗೆದುಹಾಕಿದ್ರು.”

ಅಷ್ಟರಲ್ಲಿ ಫೋನು. ಒದ್ದೆ ಕೈಯಲ್ಲೇ ಎತ್ತಿಕೊಂಡಳು. ನಿರ್ದೇಶಕರು.

“ಮೇಡಂ, ಒಂದು ಸಣ್ಣ ಉಪಕಾರ. ರಾಜನ ಹಾಡು ಮುಗಿದ್ಮೇಲೆ ಆರು ಸೆಕೆಂಡ್ ಕತ್ತಲೆ ಇದೆಯಲ್ಲ, ಹತ್ತು ಮಾಡಿ.”

“ಯಾಕ್ ಸರ್? ಮಕ್ಕಳು ಆರರಲ್ಲೇ ಬಂದು ಮಲಗ್ತಾರೆ.”

“ಮಕ್ಕಳಿಗಲ್ಲ, ನಮ್ಮ ಕಂಚಿನ ಕಂಠಕ್ಕೆ.” ರಾಜನಾಗಿ ಹಾಡುವ ದೊಡ್ಡ ಗಾಯಕನನ್ನು ಎಲ್ಲರೂ ಕರೆಯುವುದೇ ಹಾಗೆ. “ಆ ಹಾಡು ಮುಗಿಸೋ ಹೊತ್ತಿಗೆ ಗಂಟಲಲ್ಲಿ ಕಫ ಕಟ್ಟುತ್ತೆ. ಅಲ್ಲೇ ಕ್ಯಾಕರಿಸಿ ಉಗಿದು ಹೋಗ್ತಾರೆ. ಆರು ಸೆಕೆಂಡ್ ಸಾಲಲ್ಲ, ಪಾಪ.”

ಬಟ್ಟೆ ಕೈಯಿಂದ ಜಾರಿ ಬಕೆಟ್ಟಿಗೆ ಬಿತ್ತು. “ಅಲ್ಲೇ ಅಂದ್ರೆ? ಮಕ್ಕಳು ಮಲಗೋ ಜಾಗದಲ್ಲಾ?”

“ಮಕ್ಕಳು ತಾನೇ, ತೊಳ್ಕೋತಾರೆ ಬಿಡಿ. ನಿಮ್ಮ ಕತ್ತಲೇಲಿ ಯಾರಿಗೆ ಕಾಣುತ್ತೆ!” ನಕ್ಕು ಫೋನಿಟ್ಟರು.

ಅಮ್ಮ ಮೂರು ಸಲ ಕೈ ತೊಳೆದಳು. ಆದರೂ ಬೆರಳುಗಳು ತನ್ನವಲ್ಲ ಎನಿಸುತ್ತಿತ್ತು. ಆಗ ನೆನಪಾಯಿತು ಆ ಹೊಳಪು.

ಕತ್ತಲೆ ಕಳೆದ ಮೇಲೆ ವೇದಿಕೆಯಲ್ಲಿ ಬೆಳಗಾಗಬೇಕು. ಅದಕ್ಕಾಗಿ ಪಕ್ಕದ ಲೈಟುಗಳನ್ನು ಪಾದದೆತ್ತರಕ್ಕಿಳಿಸಿ, ತಿಳಿನೀಲಿಯನ್ನು ನೆಲಕ್ಕೆ ತಾಗಿಸಿಯೇ ಹರಿಸಿದ್ದಳು. ಮೂರು ದಿನದಿಂದ ಮಲಗಿದ ಮಕ್ಕಳ ನಡುವೆ ನೆಲ ಅಲ್ಲಲ್ಲಿ ನೀರಿನಂತೆ ಮಿನುಗುತ್ತಿತ್ತು. ಹಲಗೆಯ ಪಾಲಿಶ್ ಇರಬೇಕು, ಎಷ್ಟು ಚೆಂದ ಎಂದುಕೊಂಡಿದ್ದಳು. ಚೆಂದ ಕಂಡಿತೆಂದು ನಿನ್ನೆ ಆ ಲೈಟುಗಳ ಬೆಳಕನ್ನು ಇನ್ನೊಂದಿಷ್ಟು ಹೆಚ್ಚಿಸಿಯೂ ಇದ್ದಳು.

ಸಿಂಕಿನತ್ತ ಓಡಿ ಬಗ್ಗಿದಳು. ಗುಬ್ಬಿ ಹಿಂದೆಯೇ ಬಂದು ಬೆನ್ನು ಸವರಿದಳು.

“ಅಮ್ಮಾ, ನೀನು ಜಗಳ ಆಡ್ಬೇಡ. ನಾನು ಉಸಿರು ಬಿಗಿಹಿಡ್ಕೊಂಡು ಮಲಗ್ತೀನಲ್ಲ, ವಾಸನೆ ಬರಲ್ಲ.”

ಸಮಾಧಾನ ಹೇಳಬೇಕಾದ ತಾನು ಮಗುವಿನಿಂದ ಹೇಳಿಸಿಕೊಂಡಿದ್ದಕ್ಕೆ ಅಮ್ಮನಿಗೆ ಇನ್ನಷ್ಟು ಹೇಸಿಗೆಯಾಯಿತು.

ಮಧ್ಯಾಹ್ನ ತಾಲೀಮು. ನಿರ್ದೇಶಕರು ಹೇಳಿದಂತೆಯೇ ಅಮ್ಮ ಮೇಲಿನ ಕೋಣೆಯ ಲೈಟ್ ಬೋರ್ಡಿನಲ್ಲಿ ಹತ್ತು ಸೆಕೆಂಡ್ ಹಾಕಿದಳು. ರಾಜ ಹಾಡಿದ, ಕಂಠ ನಿಜಕ್ಕೂ ಕಂಚಿನದೇ, ಅದೊಂದು ಹೊಟ್ಟೆಯುರಿ. ಕತ್ತಲಾಯಿತು. ಒಂದು, ಎರಡು. ಪುಟ್ಟ ಪಾದಗಳ ಸದ್ದು. ನಾಲ್ಕು. ಕ್ಯಾಕರಿಕೆಯ ಸದ್ದು.

ಕೆಲಸ ಹೋದರೆ ಹೋಗಲಿ ಎಂದು ಅಮ್ಮ ಎಲ್ಲ ಲೈಟುಗಳನ್ನೂ ಒಟ್ಟಿಗೇ ಹಾಕಿಬಿಟ್ಟಳು.

ಕಿರೀಟ ತೊಟ್ಟ ರಾಜ ಮಂಡಿಯ ಮೇಲೆ ಕೈಯೂರಿ ಬಗ್ಗಿದ್ದ. ತುಟಿಯಿಂದ ನೆಲದವರೆಗೆ ಕಂದು ಎಳೆಯೊಂದು ಜೋತಾಡುತ್ತಿತ್ತು. ವಾದ್ಯದವರಲ್ಲಿ ಯಾರೋ “ಥೂ” ಎಂದರು.

“ಮೇಡಂ! ಏನಿದು ಲೈಟು!” ನಿರ್ದೇಶಕರು ಕೂಗಿದರು.

“ಸರಿಯಾಗೇ ಇದೆ ಸರ್. ಎಲ್ಲಾ ಕಾಣ್ತಿದೆ.”

ರಾಜ ತೋಳಿನಿಂದ ಬಾಯೊರೆಸಿಕೊಂಡು ಗುಡುಗಿದ: “ಆರಿಸ್ರೀ ಅದನ್ನ!”

ಅಮ್ಮ ಆರಿಸಲಿಲ್ಲ. ಮಿಕ್ಕ ಮಕ್ಕಳೆಲ್ಲ ಕಣ್ಣು ಮುಚ್ಚಿ ಮಲಗಿಬಿಟ್ಟಿದ್ದರು. ಗುಬ್ಬಿಯೊಬ್ಬಳೇ ನಿಲುವಂಗಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, ತನ್ನ ಜಾಗದ ಅಂಚಿನಲ್ಲಿ ನಿಂತಿದ್ದಳು. ಮೇಲೆ ಬೋರ್ಡಿನ ಕಿಟಕಿಯತ್ತ ಒಮ್ಮೆ ನೋಡಿದಳು. ಆಮೇಲೆ ರಾಜನತ್ತ ತಿರುಗಿ, ಸಭಾಂಗಣದ ಕೊನೆಯ ಸಾಲಿಗೂ ಕೇಳುವಂತೆ ಕೇಳಿದಳು:

“ಸರ್, ನಾನು ಸ್ವಲ್ಪ ಆಚೆ ಮಲಗ್ಲಾ?”