ಗೋಡೆಯ ಆ ಕಡೆಯ ಉತ್ತರ

ಟಕ್, ಟಕ್. ಸ್ವಲ್ಪ ತಡೆದು, ಟಕ್.

ನಡುರಾತ್ರಿ ಅಜ್ಜಿ ಚಮಚದಿಂದ ಗೋಡೆಗೆ ತಟ್ಟುತ್ತಿದ್ದರು. ನಾನು ಮಂಚದ ಪಕ್ಕದಲ್ಲಿ ರೆಕಾರ್ಡರ್ ಹಿಡಿದು ಕೂತಿದ್ದೆ. ಗೋಡೆಯ ಆ ಕಡೆಯಿಂದ ಅವರ ಮಗಳು ಹಾಗೆಯೇ ತಟ್ಟಿ ಉತ್ತರ ಕೊಟ್ಟರು. ಅಜ್ಜಿಯ ಮುಖ ಬಿಳಿಚಿಕೊಂಡಿತು.

ಮಗಳು ಬಟ್ಟೆ ಹೊಲಿಯುವವರು. ನಾನು ಅಕ್ಕಾ ಎನ್ನುತ್ತಿದ್ದೆ. ಪಾರ್ಶ್ವವಾಯು ಹೊಡೆದ ಮೇಲೆ, ಫ್ರಾನ್ಸಿನಿಂದ ಸೊಸೆಯಾಗಿ ಬಂದಿದ್ದ ಅಜ್ಜಿಗೆ ಮನೆಮಾತೆಲ್ಲ ಮರೆತು, ಹುಟ್ಟೂರಿನ ಫ್ರೆಂಚ್ ಮಾತ್ರ ಉಳಿದಿತ್ತು. ಮಗಳಿಗೆ ಅದನ್ನು ಒಂದಕ್ಷರವೂ ಕಲಿಸಿರಲಿಲ್ಲ. ಅರ್ಥ ಹೇಳುವವರನ್ನು ಹುಡುಕಿಕೊಂಡು ಅಕ್ಕ ವಿಶ್ವವಿದ್ಯಾಲಯಕ್ಕೆ ಬಂದಾಗ, ಫ್ರೆಂಚನ್ನೂ ಇತಿಹಾಸವನ್ನೂ ಜೊತೆಯಾಗಿ ಓದುತ್ತಿದ್ದ ನನ್ನನ್ನು ಕಳಿಸಿದರು.

"ಅವರ ಉಚ್ಚಾರದ ಮೇಲೆ ಕಿವಿಯಿರಲಿ" ಎಂದರು ಫ್ರೆಂಚ್ ಮೇಡಂ.

"ಉಚ್ಚಾರ ಹಾಳಾಗಿ ಹೋಗ್ಲಿ. ಯುದ್ಧ ಕಂಡವರು ಕಣಮ್ಮಾ, ಒಂದು ಮಾತೂ ಬಿಡಬೇಡ" ಎಂದರು ಇತಿಹಾಸದ ಮೇಷ್ಟ್ರು. "ಆದ್ರೆ ರೆಕಾರ್ಡ್ ಆಗಿದ್ದನ್ನೆಲ್ಲ ಮನೆಯವರಿಗೆ ಹೇಳಿ, ಅವರು ಒಪ್ಪಿದ ಮೇಲೇ ಪ್ರಬಂಧಕ್ಕೆ ಬಳಸ್ಬೇಕು."

ಆ ತಟ್ಟುವಿಕೆ ಏನೆಂದು ಸಂಜೆಯೇ ಅಕ್ಕನನ್ನು ಕೇಳಿದ್ದೆ.

"ನೀರಿಗೆ ಕರೀತಾಳೆ ಅನ್ಕೊಂಡಿದ್ದೆ. ತಂದುಕೊಟ್ರೆ ನನ್ನ ಮೇಲೇ ಉಗೀತಿದ್ಲು ಮಹಾರಾಯ್ತಿ! ಒಂದಿನ ಸಾಕಾಗಿ ನಾನೂ ತಟ್ಟಿದೆ ನೋಡು, ತೆಪ್ಪಗಾದ್ಲು. ಅಂತೂ ನಮ್ಮಿಬ್ಬರಿಗೂ ಒಂದು ಭಾಷೆ ಸಿಕ್ತು. ನಿನ್ನ ಹಾಗೆ ಕಾಲೇಜಿಗೆ ಹೋಗಿ ಕಲೀಲಿಲ್ಲ!" ಎಂದು ನಕ್ಕಿದ್ದರು.

ಈಗ ನಾನು ಅಜ್ಜಿಯ ಕಿವಿಯ ಹತ್ತಿರ ಬಾಗಿ, ಯಾರಿಗಾಗಿ ತಟ್ಟುತ್ತೀರಿ ಎಂದು ಫ್ರೆಂಚಿನಲ್ಲಿ ಕೇಳಿದೆ.

ಅವರು ಪಿಸುಗುಟ್ಟಿದರು. ಯುದ್ಧದಲ್ಲಿ ಸೈನಿಕರಿಗೆ ಹೆದರಿ ಪಕ್ಕದ ಮನೆಯವರು ಅಜ್ಜಿಯ ಮನೆಯ ಗೋಡೆಯ ಹಿಂದೆ ಅಡಗಿದ್ದರಂತೆ. ಊಟ ಒಯ್ಯುತ್ತಿದ್ದ ಹುಡುಗಿ ಅಜ್ಜಿಯೇ. ಇವಳು ಹೀಗೆ ತಟ್ಟಿದರೆ ಒಳಗಿನವರೂ ಹೀಗೆಯೇ ತಟ್ಟಿ ಅಗುಳಿ ತೆಗೆಯುತ್ತಿದ್ದರು. ಒಂದು ದಿನ ಸೈನಿಕರು ಇವಳ ಪುಟ್ಟ ತಮ್ಮನ ಕತ್ತು ಹಿಡಿದು, ತಟ್ಟು ಎಂದರು. ತಟ್ಟಿದಳು. ಒಳಗಿನವರು ನಂಬಿ ಉತ್ತರ ಕೊಟ್ಟರು, ಬಾಗಿಲು ತೆರೆದರು. ಒಬ್ಬರೂ ಉಳಿಯಲಿಲ್ಲ.

"ಒಂದು ರಾತ್ರಿಯಾದರೂ ಅವರು ಸುಮ್ಮನಿರಲಿ ಅಂತ ತಟ್ಟಿ ನೋಡುತ್ತೇನೆ" ಎಂದರು ಅಜ್ಜಿ. "ಇನ್ನೂ ಉತ್ತರ ಕೊಡುತ್ತಾರೆ. ಇನ್ನೂ ನನ್ನನ್ನು ನಂಬುತ್ತಾರೆ."

ಅಷ್ಟರಲ್ಲಿ ಬಾಗಿಲಲ್ಲಿ ಅಕ್ಕ, ಕೆದರಿದ ಕೂದಲು, ಕಣ್ಣಿನ ತುಂಬ ಆಸೆ.

"ಮಾತಾಡಿದ್ಲಾ? ಏನಂತೆ? ನನ್ನ ವಿಷಯ ಏನಾದ್ರೂ?"

ನಿಜ ಹೇಳಿದರೆ, ಪ್ರೀತಿಯಿಂದ ತಟ್ಟಿದ ಒಂದೊಂದು ತಟ್ಟೂ ಅಮ್ಮನಿಗೆ ಏನು ಮಾಡಿತೆಂದು ಈಕೆಗೆ ತಿಳಿಯುತ್ತದೆ. ಹೇಳದೆ ಸುಮ್ಮನಿದ್ದರೆ, ನಾಳೆಯೂ ತಟ್ಟುತ್ತಾರೆ.

"ನಿಮ್ಮ ನಿದ್ದೆ ಕೆಡುತ್ತೆ ಅಂತ ಸಂಕಟವಂತೆ ಅಕ್ಕಾ. ಇನ್ಮೇಲೆ ಉತ್ತರ ಕೊಡಬೇಡಿ, ಮಲಗಿರಿ ಅಂದ್ರು."

ಅಕ್ಕನ ಮುಖ ಇಳಿದುಹೋಯಿತು. "ನಮ್ಮಿಬ್ಬರ ಮಧ್ಯೆ ಇದ್ದಿದ್ದು ಅದೊಂದೇ ಅಲ್ವೇನಮ್ಮಾ?"

ನಾನು ರೆಕಾರ್ಡರ್ ಆರಿಸಿದೆ.

ಟಕ್, ಟಕ್. ಟಕ್.

ಅಕ್ಕನ ಕೈ ತಾನಾಗಿ ಗೋಡೆಯತ್ತ ಎದ್ದಿತು. ಅದನ್ನು ಇನ್ನೊಂದು ಕೈಯಿಂದ ಹಿಡಿದು ಸೆರಗಿನೊಳಗೆ ಅದುಮಿಕೊಂಡರು. ಅಜ್ಜಿ ಗೋಡೆಗೆ ಕಿವಿಯಿಟ್ಟು ಕಾದರು, ತುಂಬ ಹೊತ್ತು ಕಾದರು. ಆಮೇಲೆ ಉಸಿರು ಹಗುರಾಗಿ ನಿದ್ದೆ ಹತ್ತಿತು, ಚಮಚ ಜಾರಿ ಹಾಸಿಗೆಗೆ ಬಿತ್ತು.

ಅಕ್ಕ ಬೆನ್ನು ತಿರುಗಿಸಿ ಹೊರಟರು. ಅಳುತ್ತಿದ್ದರೆಂದು ಭುಜದಿಂದ ತಿಳಿಯಿತು.

ರೆಕಾರ್ಡ್ ಆಗಿದ್ದನ್ನು ಅಲ್ಲೇ ಅಳಿಸಿದೆ. ಮೇಷ್ಟ್ರು ಬೈಯಲಿ, ಪ್ರಬಂಧ ನಿಂತೇ ಹೋಗಲಿ. ಅವರಿಗಾಗಲಿ, ಮೇಡಂಗಾಗಲಿ, ಈ ಮನೆಯಲ್ಲಾಗಲಿ, ಯಾರಿಗೂ ಹೇಳುವುದಿಲ್ಲ.